ಕೊಟ್ಟಿಗೆ ಇದ್ದ ಜಾಗದ ಮೀನು

ಆ ಮಂಗಳವಾರ ಬೈರಯ್ಯ ಕಲಾಸಿಪಾಳ್ಯದ ಮಂಡಿಯಿಂದ ಮನೆಗೆ ಬಂದಾಗ ಹನುಮಕ್ಕ ಮುದ್ದೆಗೆ ಎಸರಿಟ್ಟಿದ್ದಳು. ಅವನ ಕೈಯಲ್ಲಿ ಎಂದಿನಂತೆ ಎರಡು ಚೀಲ. ಒಂದು ಮನೆಗೆ, ಒಂದು ಮೀನಿಗೆ. ಮನೆಯ ಚೀಲವನ್ನು ಅಡುಗೆಮನೆಯ ಹೊಸಿಲ ಬಳಿ ಇಳಿಸಿ, ಮೀನಿನ ಚೀಲ ಹಿಡಿದು ಸೀದಾ ಹಿತ್ತಲಿಗೆ ಹೋದ. ಕಾಲು ತೊಳೆಯಲಿಲ್ಲ. ಕುಡಿಯಲು ನೀರು ಕೇಳಲಿಲ್ಲ.

ಹನುಮಕ್ಕ ಚೀಲ ಬಿಚ್ಚಿದಳು. ದಂಟಿನ ಸೊಪ್ಪಿನ ತುದಿ ಬಾಡಿತ್ತು. ಬದನೆಕಾಯಿಯಲ್ಲಿ ಹುಳ. ಹಿತ್ತಲ ಬಾಗಿಲಿಗೆ ಬಂದು ನೋಡಿದರೆ ಕೊಳದ ಕಟ್ಟೆಯ ಮೇಲೆ ಹರವಿದ್ದ ಸೊಪ್ಪು ಆಗ ತಾನೇ ಹೊಲದಿಂದ ಕಿತ್ತಂತಿತ್ತು.

“ಚೆನ್ನಾಗಿದೆ ಕಣ್ರೀ ನಿಮ್ಮ ನ್ಯಾಯ. ಹೆಂಡ್ತಿಗೆ ಹುಳದ ಬದನೆಕಾಯಿ, ಮೀನಿಗೆ ಎಳೇ ಸೊಪ್ಪು.”

“ಹುಳ ಇದೆ ಅಂದ್ರೆ ಔಷ್ಧಿ ಹೊಡ್ದಿಲ್ಲ ಅಂತ ಅರ್ಥ. ನಿನ್ ಒಳ್ಳೇದಕ್ಕೇ ತಂದಿದೀನಿ ಕಣೇ.”

“ಮೀನಿಗೆ ಬೇಡ್ವಾ ಆ ಒಳ್ಳೇದು?”

“ಅವುಕ್ಕೆ ಹುಳ ತೆಗ್ಯಕ್ಕೆ ಕೈ ಇಲ್ಲ. ನಿಂಗಿದೆ.”

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ನೀರಿನಲ್ಲಿ ಬೆರಳಾಡಿಸಿದ. ಮೂರು ಮೀನೂ ಬಂದವು. ಮೂರೂ ಹೊರದೇಶದ ತಳಿ, ಬಿಸಿಲ ನಾಡಿನವು. ಮಾರ್ಗಶಿರದ ಚಳಿಗೆ ಮಂಕಾಗಿಬಿಡುತ್ತವೆ ಎಂದು ಬೈರಯ್ಯ ಆ ತಿಂಗಳೆಲ್ಲ ಕೊಳದ ಮೇಲೆ ಟಾರ್ಪಾಲು ಹೊದಿಸುತ್ತಿದ್ದ.

ದೊಡ್ಡದು ಗೌರಾಮಿ, ಮೊರದಷ್ಟು ಮೀನು. ಹಣೆ ಉಬ್ಬಿ, ತುಟಿ ದಪ್ಪಗಾಗಿ, ಪಾಠ ಒಪ್ಪಿಸು ಎನ್ನುವಂತೆ ನೋಡುತ್ತಿತ್ತು. ಅದಕ್ಕೆ ಅವನು ಇಟ್ಟ ಹೆಸರು ಮೇಷ್ಟ್ರು. ಇನ್ನೊಂದೂ ಅದೇ ಜಾತಿ, ಮೈಬಣ್ಣ ಬಿಳಿಚಿದ್ದಕ್ಕೆ ಬಿಳಿಗಿರಿ. ಮೂರನೆಯದು ಪಾಕು. ಅದಕ್ಕೆ ಥೇಟ್ ಮನುಷ್ಯರ ಹಲ್ಲು. ಹಲಸಿನ ಬೀಜ ಹಾಕಿದರೆ ಕಟಕಟ ಕಡಿಯುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅದು ಹಲ್ಲಣ್ಣ.

ಉಂಡು ಬೈರಯ್ಯ ಮಲಗಿದ. ಎದ್ದು ಟೀ ಕುಡಿದ. ಮೊಣಕಾಲು ನೋವು ಎಂದ, ಅವಳು ಎಣ್ಣೆ ಬಿಸಿ ಮಾಡಿಕೊಟ್ಟಳು. ಮಗಳು ಮೋನಿಷಾ ಗಾಂಧಿ ಬಜಾರಿನ ಕನ್ನಡಕದ ಅಂಗಡಿಯಿಂದ ಕೆಲಸ ಮುಗಿಸಿ ಬಂದಳು. ಮೂವರೂ ಟಿ.ವಿ. ಮುಂದೆ ಕೂತು ಉಂಡರು. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ ಆ ದಿನದಲ್ಲಿ. ಆಮೇಲೆ ಹನುಮಕ್ಕ ಅದನ್ನು ಎಷ್ಟು ಸಲ ತಿರುವಿಹಾಕಿ ಹುಡುಕಿದರೂ ಏನೂ ಸಿಗಲಿಲ್ಲ.

ಬುಧವಾರ ನಸುಕಿನಲ್ಲಿ ಅವನು ಮಂಡಿಗೆ ಹೋದ. ಲಾರಿ ಇಳಿಸಿ ಆದ ಮೇಲೆ ಆಲೂಗಡ್ಡೆ ಮೂಟೆಯ ಮೇಲೆ ಕೂತು, ಯಾಕೋ ಸುಸ್ತು, ಒಂಚೂರು ನೀರು ಕೊಡಿ ಎಂದನಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ತರಕಾರಿ ಸಾಗಿಸುವ ಗಾಡಿಯಲ್ಲೇ ಅವನನ್ನು ಮನೆಗೆ ತಂದರು. ಹನುಮಕ್ಕ ಬಾಗಿಲು ತೆಗೆದು, ಇಷ್ಟು ಬೇಗ ಯಾಕೆ ಬಂದರು ಎಂದುಕೊಂಡಳು.

ಅವರ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಮುಂದೆ ಎರಡು ಕೋಣೆ, ಹಿಂದೆ ಉದ್ದನೆಯ ಹಿತ್ತಲು. ಬೈರಯ್ಯನ ಅಪ್ಪ ಅಲ್ಲಿ ಹಸು ಕಟ್ಟಿ ಸುತ್ತಲ ಮನೆಗಳಿಗೆ ಹಾಲು ಹಾಕುತ್ತಿದ್ದ. ಅಪ್ಪ ಹೋದ ಮೇಲೆ ಹಸು ಹೋದವು, ಕೊಟ್ಟಿಗೆ ಖಾಲಿ ಬಿತ್ತು. ಹನುಮಕ್ಕನಿಗೆ ಅಲ್ಲಿ ಒಂದು ಒಳ್ಳೆಯ ಬಚ್ಚಲುಮನೆ ಕಟ್ಟಿಸುವ ಆಸೆ. ಬೈರಯ್ಯನೂ ಹೂಂ ಎಂದಿದ್ದ.

ಆ ಹೊತ್ತಿಗೆ ಮೇಷ್ಟ್ರು ಮೀನು ಬಂತು.

ಬಸವನಗುಡಿಯ ಚಂದ್ರಶೇಖರಯ್ಯ ಬ್ಯಾಂಕಿನಿಂದ ನಿವೃತ್ತರಾದವರು. ವಾರಕ್ಕೊಮ್ಮೆ ಮಂಡಿಗೆ ಬಂದು ತರಕಾರಿ ಒಯ್ಯುವವರು. ಮೊಮ್ಮಗಳು ರಕ್ಷಿತಾಗೆ ಎಂದು ಅವರು ಬೆರಳುದ್ದದ ಒಂದು ಮೀನು ಕೊಂಡಿದ್ದರು. ಅಂಗಡಿಯವನು ಇದು ಎಷ್ಟು ಬೆಳೆಯುತ್ತದೆ ಎಂದು ಹೇಳಿರಲಿಲ್ಲ. ಮೀನು ಬೆಳೆಯಿತು. ಗಾಜಿನ ಪೆಟ್ಟಿಗೆಯಲ್ಲಿ ತಿರುಗಲು ಜಾಗವಿಲ್ಲದೆ ಮೂತಿ ಗಾಜಿಗೆ ಒತ್ತಿ ನಿಂತುಬಿಟ್ಟಿತು. ಯಾವುದಾದರೂ ಕೆರೆಗೆ ಬಿಟ್ಟುಬಿಡ್ತೀನಿ ಕಣಯ್ಯ ಎಂದರು ಚಂದ್ರಶೇಖರಯ್ಯ.

“ಬ್ಯಾಡಿ ಸಾಮಿ. ನಮ್ ಕೆರೆ ಮೀನಿಗೆ ಅದು ಯಮ ಆಗ್ಬಿಡುತ್ತೆ, ಇಲ್ಲಾ ಅದುಕ್ಕೆ ನಮ್ ಕೆರೆ ಯಮ ಆಗುತ್ತೆ” ಎಂದು ಬೈರಯ್ಯ ಅದನ್ನು ಉಪ್ಪಿನಕಾಯಿ ಡ್ರಮ್ಮಿನಲ್ಲಿ ಹಾಕಿಕೊಂಡು ಆಟೋದಲ್ಲಿ ತಂದ. ಮೊದಲು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಟ್ಟ. ಹನುಮಕ್ಕ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಅವನು ಕೊಟ್ಟಿಗೆಯ ನೆಲ ಅಗೆಯಲು ಶುರು ಮಾಡಿದ. ಮಂಡಿಯ ಗೆಳೆಯರು ಬಂದು ಇಟ್ಟಿಗೆ ಕಟ್ಟಿದರು, ಸಿಮೆಂಟು ಮೆತ್ತಿದರು. ಸೊಂಟದಷ್ಟು ಆಳ, ಎರಡು ಮಂಚದಷ್ಟು ಉದ್ದ. ಬೆಕ್ಕು, ಹದ್ದು ಬಾರದಂತೆ ಮೇಲೆ ಜಾಲರಿ. ಬಚ್ಚಲುಮನೆಯ ಆಸೆ ಅಲ್ಲಿಗೆ ನೀರುಪಾಲಾಯಿತು.

ಸುದ್ದಿ ಹಬ್ಬಿತು. ಮನೆಯಲ್ಲಿ ಹಿಡಿಸದಷ್ಟು ಬೆಳೆದ ಮೀನು ಇದ್ದವರೆಲ್ಲ ಬೈರಯ್ಯನ ಬಾಗಿಲಿಗೆ ಬಂದರು. ಅವನು ಸೊಪ್ಪು, ಹಣ್ಣು ತಿನ್ನುವುದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದ. ಮಾಂಸ ತಿನ್ನುವುದಕ್ಕೆ ಬೇರೆ ಮನೆ ನೋಡುತ್ತಿದ್ದ. “ಗಂಡು ಹುಡುಕ್ದಂಗೆ ಹುಡುಕ್ತೀರಲ್ಲ, ಮಗಳಿಗೂ ಒಂದು ನೋಡಿ” ಎನ್ನುತ್ತಿದ್ದಳು ಹನುಮಕ್ಕ. “ಮೀನು ಆದ್ರೆ ವಾಪಸ್ ತಂದ್ಬಿಡ್ತಾರೆ ಅಂತ ಭಯ ಇಲ್ಲ ಕಣೇ, ಮಗಳನ್ನ ನೋಡಿ ಕೊಡ್ಬೇಕು” ಎನ್ನುತ್ತಿದ್ದ ಅವನು. ಮೋನಿಷಾ ಒಳಗಿನಿಂದ “ನಾನಿಲ್ಲೇ ಇದೀನಿ, ಕೇಳಿಸ್ತಿದೆ” ಎನ್ನುತ್ತಿದ್ದಳು.

ಬೈರಯ್ಯನ ದೊಡ್ಡ ಕೆಲಸವೆಂದರೆ ನೀರು. ಕಾವೇರಿ ನೀರು ಬಂದ ದಿನ ಹಿತ್ತಲ ಡ್ರಮ್ಮುಗಳನ್ನು ತುಂಬಿಸಿ ಬಾಯಿ ತೆರೆದು ಬಿಡುತ್ತಿದ್ದ. ಅದು ಎರಡು ದಿನ ಬಿಸಿಲು ಗಾಳಿಗೆ ನಿಲ್ಲಬೇಕು. ಆಮೇಲೆ ಕೊಳದಿಂದ ಕಾಲುಭಾಗ ತೆಗೆದು, ಅಷ್ಟನ್ನು ಡ್ರಮ್ಮಿನಿಂದ ತುಂಬುತ್ತಿದ್ದ. ಒಂದೇ ಸಲ ಪೂರ್ತಿ ನೀರು ಎಂದೂ ಬದಲಾಯಿಸುತ್ತಿರಲಿಲ್ಲ. ಗೋಡೆಯ ಪಾಚಿ ಉಜ್ಜಲು ಬಿಡುತ್ತಿರಲಿಲ್ಲ.

“ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿರ್ತಾರೆ. ನಮ್ ಹೊಟ್ಟೇಲಿರೋ ಹುಳ ಸಾಯ್ಲಿ ಅಂತ. ಮೀನಿಗೆ ಅದು ಕಿವಿರು ಸುಡುತ್ತೆ” ಎಂದು ಅವಳಿಗೆ ಹೇಳಿದ್ದ. “ಹೊಸ ನೀರು ಬಿಸಿರಕ್ತದ ಹುಡುಗ ಇದ್ದಂಗೆ ಕಣೇ. ಎರಡು ದಿನ ಮಲಗೆದ್ರೆ ಬುದ್ಧಿ ಬರುತ್ತೆ.”

ಹನುಮಕ್ಕ ಅವನು ಇರುವವರೆಗೆ ಮೀನು ಮುಟ್ಟಿದವಳಲ್ಲ. ಆದರೆ ಇದನ್ನು ಕೇಳಿಸಿಕೊಂಡಿದ್ದಳು.

ಸಾವಾದ ಮೇಲೆ ಮನೆ ತುಂಬ ಜನ. ಮುಂದೆ ನಿಂತು ಎಲ್ಲ ನೋಡಿಕೊಂಡವಳು ತ್ಯಾಗರಾಜನಗರದ ಚಿಕ್ಕತಾಯಮ್ಮ, ಬೈರಯ್ಯನ ಅಕ್ಕ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದ್ದು ಅವಳೇ. ಅತ್ತು ಅತ್ತು ಅವಳ ದನಿ ಕುಸಿದುಹೋಗಿತ್ತು. ಆದರೂ ಅಕ್ಕಿ ಎಷ್ಟು, ಎಲೆ ಎಷ್ಟು, ಯಾರಿಗೆ ಹೇಳಬೇಕು, ಯಾವುದನ್ನೂ ಬಿಡಲಿಲ್ಲ. ಹನುಮಕ್ಕ ನಡುಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಗಂಡ ಸತ್ತವಳು ಸೂತಕ ಕಳೆಯುವವರೆಗೆ ಹೊಸಿಲು ದಾಟಬಾರದು. ಮೋನಿಷಾ ಮೀನಿಗೆ ಒಂದಿಷ್ಟು ಸೊಪ್ಪು ಹಾಕಿ ಬರುತ್ತಿದ್ದಳು. ಕೊಳದ ನೀರು ಹಸಿರಾಗಿತ್ತು, ಮೀನು ತಮ್ಮ ಪಾಡಿಗೆ ತಾವು ಇದ್ದವು.

ಸಾವಿನ ಮನೆಯಲ್ಲಿ ಹಳೆಯ ನೀರು ಉಳಿಸಿಕೊಳ್ಳುವುದಿಲ್ಲ. ಹನ್ನೊಂದನೆಯ ದಿನ ಕೊಡ, ಹಂಡೆ, ತಪ್ಪಲೆ, ತೊಟ್ಟಿ ಎಲ್ಲ ಬರಿದು ಮಾಡಿ, ತೊಳೆದು, ಗಂಜಲ ಚಿಮುಕಿಸಿ ಹೊಸ ನೀರು ತುಂಬಬೇಕು. ಆಗಲೇ ಮನೆಗೆ ಮೈಲಿಗೆ ಕಳೆಯುವುದು. ಹಿಂದಿನ ಸಂಜೆ ಚಿಕ್ಕತಾಯಮ್ಮ ಹಿತ್ತಲಿಗೆ ಹೋಗಿ ಬಂದು ಹನುಮಕ್ಕನ ಪಕ್ಕ ಕೂತಳು.

“ನಾಳೆ ಆ ಕೊಳನೂ ತೊಳಿಸ್ಬಿಡ್ತೀನಿ. ಪಾಚಿ ಹಿಡ್ದು ಹೆಂಗಾಗಿದೆ ನೋಡು. ಅವ್ನು ಇದ್ದಿದ್ರೆ ಹಿಂಗ್ ಬಿಡ್ತಿದ್ನಾ?”

“ಕೊಳದ್ ನೀರು ಬ್ಯಾಡ ಅತ್ತಿಗೆ. ಅದು ಮೀನಿನ ನೀರು.”

“ಮೀನು ಯಾರ ಮನೇದಮ್ಮ? ಸತ್ತೋನ್ ಮನೇದೇ ತಾನೆ. ಅವುಕ್ಕೂ ಸೂತಕ ಇದೆ.”

“ಅವರು ಒಂದೇ ಸಲ ಪೂರ್ತಿ ತೆಗೀತಿರ್ಲಿಲ್ಲ.”

“ಅವ್ನು ಒಬ್ನೇ ಇದ್ದ, ಕೈಲಾಗ್ತಿರ್ಲಿಲ್ಲ. ಈಗ ಇಷ್ಟ್ ಜನ ಇದೀವಲ್ಲ.”

ಹನುಮಕ್ಕ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಬ್ಲೀಚಿಂಗ್ ಅನ್ನುವ ಮಾತು ನಾಲಿಗೆಗೆ ಬರಲಿಲ್ಲ. ಅವನು ಹೇಳಿದ ಮಾತನ್ನು ಬಾಯಿಗೆ ತರಲಾಗದ ದಿನಗಳು ಅವು. ಚಿಕ್ಕತಾಯಮ್ಮ ಅವಳ ಬೆನ್ನು ಸವರಿ, “ನೀನು ಯಾವ್ದುಕ್ಕೂ ತಲೆ ಕೆಡಿಸ್ಕೊಬ್ಯಾಡ, ನಾನಿದೀನಿ” ಎಂದು ಎದ್ದು ಹೋದಳು.

ಮರುದಿನ ಬೆಳಗ್ಗೆ ಹನುಮಕ್ಕನಿಗೆ ಎಣ್ಣೆ ಇಟ್ಟು, ಅರಿಶಿನ ಹಚ್ಚಿ, ಕೊನೆಯ ಸಲ ಹೂವು ಮುಡಿಸಿ, ಕೈತುಂಬ ಬಳೆ ತೊಡಿಸಿದರು. ಗಂಡನನ್ನು ಕಳೆದುಕೊಂಡ ಮುದುಕಿಯರು ಸುತ್ತ ಕೂತು ಅವಳನ್ನು ನಡುವೆ ಕೂರಿಸಿಕೊಂಡರು. ಅದು ಮುಗಿಯುವವರೆಗೆ ಏಳುವಂತಿಲ್ಲ. ಹೂವು ತೆಗೆದರು. ಕುಂಕುಮ ಒರೆಸಿದರು. ಅವಳ ಮಣಿಕಟ್ಟು ಹಿಡಿದು ಬಳೆ ಒಡೆಯುತ್ತಿರುವಾಗ ಹಿತ್ತಲಿನಲ್ಲಿ ಮೋಟರು ಶುರುವಾದ ಸದ್ದು ಕೇಳಿತು. ನೀರು ಮೋರಿಗೆ ಹೋಗುವ ಸದ್ದು. ಅಷ್ಟು ನೀರು ಹೋಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ತೆಂಗಿನ ನಾರಿನಲ್ಲಿ ಗೋಡೆ ಉಜ್ಜುವ ಸದ್ದು. ಉಜ್ಜುತ್ತಿದ್ದವಳು ಚಿಕ್ಕತಾಯಮ್ಮ. ಆ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಕೊಳಕ್ಕೆ ಇಳಿದು, ನನ್ನಪ್ಪ, ನನ್ನ ಮಗನೇ ಎಂದು ತಮ್ಮನನ್ನು ಕರೆದು ಅಳುತ್ತಾ ಉಜ್ಜುತ್ತಿದ್ದಳು.

ಅದು ಕಾವೇರಿ ಬರುವ ದಿನ. ನಲ್ಲಿಗೆ ಪೈಪು ಹಾಕಿದರು. ಡ್ರಮ್ಮುಗಳಲ್ಲಿ ಬೈರಯ್ಯ ತುಂಬಿಟ್ಟಿದ್ದ ನೀರನ್ನೂ ಹಳೆಯ ನೀರೇ ಎಂದು ಆಗಲೇ ಚೆಲ್ಲಿದ್ದರು. ಕೊಳ ತುಂಬಿತು. ಒಂದು ಚೊಂಬು ಗಂಜಲ, ಒಂದು ಹಿಡಿ ಅರಿಶಿನ. ಟಬ್ಬಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದ ಮೂರು ಮೀನನ್ನೂ ಎತ್ತಿ ಬಿಟ್ಟರು.

“ಅಬ್ಬಾ, ನೋಡ್ರೋ” ಎಂದು ಯಾರೋ ಗಂಡಸು ಹೇಳಿದ್ದು ಒಳಗೆ ಕೇಳಿತು. “ಹೊಸ ನೀರಲ್ಲಿ ಹೆಂಗ್ ಆಡ್ತವೆ. ಮೈಯೆಲ್ಲಾ ನೀರು ಮಾಡಿದ್ವು ನಂಗೆ.”

“ಖುಷಿ ಆಗಿದೆ ಅವುಕ್ಕೆ” ಎಂದಳು ಚಿಕ್ಕತಾಯಮ್ಮ.

ಅವು ಆಡುತ್ತಿಲ್ಲ ಎಂದು ಹನುಮಕ್ಕನಿಗೆ ಗೊತ್ತಾಯಿತು. ಬೈರಯ್ಯನ ಮೀನು ಯಾವತ್ತೂ ಆಡಿದ್ದಿಲ್ಲ. ನಿಧಾನದ ಜೀವಗಳು. ಅವಳು ಎದ್ದೇಳಲು ನೋಡಿದಳು. ಪಕ್ಕದ ಮುದುಕಿ ತೊಡೆಯ ಮೇಲೆ ಕೈ ಒತ್ತಿ ಕೂರಿಸಿ, “ಇನ್ನೂ ಕಾಲುಂಗುರ ಇದೆ, ತಡ್ಕೊ” ಎಂದಳು.

ಹಿತ್ತಲಿಗೆ ಬರಲು ಅವಳಿಗೆ ಸಂಜೆಯಾಯಿತು. ಪಂಕ್ತಿ ಮುಗಿದು ಎಲೆ ಎತ್ತಿದ್ದರು. ಕೊಳ ಹಿಂದೆಂದೂ ಇಲ್ಲದಷ್ಟು ತಿಳಿಯಾಗಿತ್ತು. ತಳದ ಸಿಮೆಂಟು, ಮೂಲೆಯ ಬಿರುಕು, ಎಲ್ಲ ಕಾಣುತ್ತಿತ್ತು. ಹಲ್ಲಣ್ಣ ಪಕ್ಕಕ್ಕೆ ವಾಲಿ ತೇಲುತ್ತಿತ್ತು. ಅದರ ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿದ್ದವು. ಬಿಳಿಗಿರಿ ಮೇಲೆ ಬಂದು ಗಾಳಿ ನುಂಗಿ, ಮುಳುಗಿ, ಮತ್ತೆ ಮೇಲೆ ಬರುತ್ತಿತ್ತು. ಗೌರಾಮಿಗೆ ಮೇಲಿನ ಗಾಳಿ ಕುಡಿದು ಬದುಕುವ ಶಕ್ತಿಯಿದೆ. ಆ ಶಕ್ತಿಯಲ್ಲಿ ಅದು ಬೆಳಗಿನವರೆಗೆ ಎಳೆಯಿತು.

ಬೆಳಗ್ಗೆ ಮೋನಿಷಾ ಎರಡನ್ನೂ ಹಳೆಯ ಪಂಚೆಯಲ್ಲಿ ಸುತ್ತಿದಳು. ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿದರು. ಹೊರಡಲು ಚೀಲ ಕಟ್ಟುತ್ತಿದ್ದ ಚಿಕ್ಕತಾಯಮ್ಮ ಬಂದು ನಿಂತಳು.

“ಅವ್ನ ಹಿಂದೆನೇ ಹೋದ್ವು” ಎಂದಳು. “ಮೂಕ ಪ್ರಾಣಿಗೆ ಇರೋ ಋಣ ಮನುಷ್ಯರಿಗಿಲ್ಲ.”

ಮೋನಿಷಾ ತಲೆ ಎತ್ತಿದಳು. “ಹಿಂದೆ ಹೋಗ್ಲಿಲ್ಲ ಅತ್ತೆ. ನೀರಿನ ಬ್ಲೀಚಿಂಗ್‌ಗೆ ಸತ್ವು. ಅಪ್ಪ ಎರಡು ದಿನ ಇಟ್ಟು ಹಾಕ್ತಿದ್ರು.”

ಚಿಕ್ಕತಾಯಮ್ಮ ಗುಂಡಿಯನ್ನು ನೋಡಿದಳು, ಹನುಮಕ್ಕನನ್ನು ನೋಡಿದಳು. ನೆರಿಗೆ ಸರಿಮಾಡಿಕೊಂಡಳು. ಆಮೇಲೆ ಒಳಗೆ ಹೋಗಿ ಚೀಲ ತೆಗೆದುಕೊಂಡು, ಹೋಗಿ ಬರ್ತೀನಿ ಎಂದು ಹೇಳದೆ ಹೊರಟಳು. ಸಾವಿನ ಮನೆಯಿಂದ ಹಾಗೆ ಹೇಳಿ ಹೊರಡುವ ಪದ್ಧತಿಯೂ ಇಲ್ಲ.

ಮೇಷ್ಟ್ರು ಉಳಿದಿತ್ತು. ಉಳಿಯಿತು ಎಂದು ಹೇಳುವುದೂ ಕಷ್ಟ. ಕರಿಬೇವಿನ ಕಡೆಯ ಮೂಲೆಗೆ ಹೋಗಿ, ಗೋಡೆಗೆ ಮೈ ಒತ್ತಿ ನಿಂತುಬಿಟ್ಟಿತು. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗುಳಕ್ ಎಂದು ಗಾಳಿ ನುಂಗಿ ಮತ್ತೆ ಅದೇ ಮೂಲೆ. ಕಿವಿರಿನ ಅಂಚು ಸುಟ್ಟಂತೆ ಕೆಂಪಾಗಿತ್ತು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂತೆ ಏನೋ ಕಟ್ಟಿಕೊಂಡಿತು. ಸೊಪ್ಪು ಹಾಕಿದರೆ ಮುಟ್ಟಲಿಲ್ಲ. ಬಾಳೆಹಣ್ಣು ಹಾಕಿದರು, ಪರಂಗಿ ಹಾಕಿದರು. ಎಲ್ಲ ತೇಲಿ, ಕೊಳೆತು, ಎತ್ತಿ ಎಸೆಯುವುದಾಯಿತು.

ಹನುಮಕ್ಕ ಡ್ರಮ್ಮುಗಳನ್ನು ತುಂಬಿಸಿಟ್ಟಳು. ಎರಡು ದಿನ ಬಿಟ್ಟು ಕೊಳಕ್ಕೆ ಹಾಕಿದಳು. ಕೊಳ ನೋಡಲು ಆಗುತ್ತಿರಲಿಲ್ಲ ಅವಳಿಗೆ. ಕೆಲಸ ಮುಗಿಸಿ ಬೆನ್ನು ತಿರುಗಿಸಿ ಬಂದುಬಿಡುತ್ತಿದ್ದಳು. ಒಳಗೆ ಕೂತರೆ ಗುಳಕ್ ಎನ್ನುವ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ಬರುವುದು ತಡವಾದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು.

“ಇದೂ ಹೋಗ್ಬಿಡುತ್ತೆ” ಎಂದಳು ಒಂದು ದಿನ ಮಗಳಿಗೆ. “ನಂಗೆ ನೋಡಕ್ಕಾಗಲ್ಲ ಕಣೇ. ಗೊತ್ತಿರೋರ ಹತ್ರ ಕಳ್ಸಿಬಿಡಾಣ. ಎಲ್ಲಾದ್ರೂ ಬದುಕ್ಲಿ.”

ಮಾತನಾಡಿಸಲು ಬಂದಿದ್ದ ಚಂದ್ರಶೇಖರಯ್ಯನವರೇ ಒಬ್ಬರನ್ನು ಗೊತ್ತುಮಾಡಿದರು. ವಸಂತ್ ಎಂದು. ಕನಕಪುರ ರಸ್ತೆಯ ತೋಟದ ಮನೆಗಳಿಗೆ ಕೊಳ ಮಾಡಿ ಮೀನು ಬಿಟ್ಟುಕೊಡುವವನು. ಭಾನುವಾರ ಅವನು ಟೆಂಪೋದಲ್ಲಿ ದೊಡ್ಡ ಟಬ್ಬು, ಗಾಳಿ ಪಂಪು, ಬಲೆ ಎಲ್ಲ ತಂದ. ಹನುಮಕ್ಕ ಮೀನಿಗೆ ದಾರಿಯಲ್ಲಿ ಬೇಕಾಗುತ್ತದೆ ಎಂದು ಸೊಪ್ಪಿನ ಕಟ್ಟು ಕಟ್ಟಿಟ್ಟಿದ್ದಳು. ಅವನು ಕಟ್ಟೆಯ ಮೇಲೆ ಮಂಡಿಯೂರಿ ಬಹಳ ಹೊತ್ತು ನೋಡಿದ. ಬಲೆಯ ಕೋಲಿನಿಂದ ಮೆಲ್ಲಗೆ ತಿರುಗಿಸಿ ಆ ಕಡೆ ಈ ಕಡೆ ನೋಡಿದ.

“ಬ್ಯಾಡ ಅಮ್ಮ” ಎಂದ.

“ಯಾಕಪ್ಪ? ದುಡ್ಡೇನೂ ಕೊಡೋದು ಬ್ಯಾಡ ನೀನು.”

“ದುಡ್ಡಿನ್ ಮಾತಲ್ಲ. ಒಂದು ಕಣ್ಣು ಹೋಗಿದೆ ಇದಕ್ಕೆ. ಬೇರೆ ಮೀನಿನ ಜೊತೆ ಬಿಟ್ರೆ ಕಾಣದ ಕಡೆಯಿಂದ ಬಂದು ಕುಕ್ಕಿ ಕುಕ್ಕಿ ಮುಗಿಸ್ತವೆ.”

“ಒಂದನ್ನೇ ಬೇರೆ ಇಟ್ರೆ?”

“ಒಂದು ಮೀನಿಗೆ ಅಂತ ಕೊಳ ಯಾರಮ್ಮ ಬಿಡ್ತಾರೆ?” ಎಂದು ಅವನು ಪಂಚೆ ಕೊಡವಿಕೊಂಡು ಎದ್ದ. “ತಿಂತಿದೆಯಾ?”

“ಇಲ್ಲ.”

“ತಿಂದ್ರೆ ಉಳಿಯುತ್ತೆ. ಇಲ್ಲಾಂದ್ರೆ ಇಲ್ಲ.”

ಅವನು ಖಾಲಿ ಟಬ್ಬು ಎತ್ತಿಕೊಂಡು ಹೋದ. ಹನುಮಕ್ಕ ಕಟ್ಟಿಟ್ಟ ಸೊಪ್ಪನ್ನು ಬಿಚ್ಚಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ವಸಂತನ ಮೇಲಲ್ಲ. ಬೈರಯ್ಯನ ಮೇಲಿರಬೇಕು. ಮೀನನ್ನು ಹೇಗೆ ತಿನ್ನಿಸುವುದು ಎಂದು ಒಂದು ಮಾತು ಹೇಳಿಕೊಡದೆ ಹೋದವನು ಅವನೇ. ಕೇಳದೆ ಇದ್ದವಳು ಅವಳು, ಅದು ಬೇರೆ.

ಅವತ್ತು ಮಧ್ಯಾಹ್ನ ಮೋನಿಷಾ ಕಟ್ಟೆಯ ಮೇಲೆ ಬಗ್ಗಿ ನೀರಿನ ಮೇಲೆ ತೋರುಬೆರಳು ಎತ್ತಿ ಹಿಡಿದು, ಅತ್ತಿಂದಿತ್ತ ಆಡಿಸಿದಳು. ಅವಳ ಕನ್ನಡಕದ ಅಂಗಡಿಗೆ ಬರುವವರ ಕಣ್ಣು ನೋಡುವಾಗ ಹಾಗೆ ಮಾಡುತ್ತಾರೆ. ಮೀನು ಅಲುಗಲಿಲ್ಲ. ಕೋಲಿನಿಂದ ಅದರ ಬಾಲ ತಳ್ಳಿ ಇನ್ನೊಂದು ಕಡೆಗೆ ತಿರುಗಿಸಿ ಮತ್ತೆ ಬೆರಳು ತೋರಿಸಿದಳು. ಮೀನು ಒಂದಿಷ್ಟು ಹಿಂದೆ ಸರಿಯಿತು.

“ಅಮ್ಮ, ಬಾ ಇಲ್ಲಿ. ಬಲಗಣ್ಣು ಕಾಣ್ಸುತ್ತೆ ಇದಕ್ಕೆ.”

“ಕಾಣ್ಸಿದ್ರೆ ತಿನ್ಬೇಕಲ್ಲ.”

“ತಡಿ. ಅದು ನಿಂತಿರೋದು ನೋಡು.”

ಬಿಟ್ಟ ಕೂಡಲೇ ಮೀನು ಮತ್ತೆ ಮೂಲೆಗೆ ಹೋಗಿ ಬಲಮೈಯನ್ನು ಗೋಡೆಗೆ ಒತ್ತಿ ನಿಂತಿತ್ತು. ಕಾಣುವ ಕಣ್ಣು ಗೋಡೆಯ ಕಡೆ, ಕುರುಡು ಕಣ್ಣು ಹೊರಗೆ. ಅವರು ಇಷ್ಟು ದಿನವೂ ಸೊಪ್ಪು ಹಾಕಿದ್ದು ಕುರುಡು ಕಣ್ಣಿನ ಕಡೆ. ಏನೋ ಮೈಗೆ ತಾಗಿದ್ದು ಅದಕ್ಕೆ ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಬೆದರಿ ಇನ್ನೂ ಗೋಡೆಗೆ ಒತ್ತಿಕೊಳ್ಳುತ್ತಿತ್ತು.

ಹನುಮಕ್ಕ ಸೆರಗು ಸಿಕ್ಕಿಸಿ ಕಟ್ಟೆಯ ಮೇಲೆ ಬೋರಲು ಮಲಗಿದಳು. ಒಂದು ಎಲೆ ತೆಗೆದು, ಗೋಡೆಗೂ ಮೀನಿಗೂ ನಡುವೆ ಕೈ ಇಳಿಸಿದಳು. ಅಷ್ಟು ವರ್ಷದಲ್ಲಿ ಆ ನೀರಿನಲ್ಲಿ ಅವಳು ಕೈಯಿಟ್ಟದ್ದು ಅದೇ ಮೊದಲು. ಮೀನಿನ ಹುರುಪೆ ಮೊಳಕೈಗೆ ತಾಗಿತು, ಒರಟಾಗಿ, ತಣ್ಣಗೆ. ಅವಳು ಕೈ ತೆಗೆಯಲಿಲ್ಲ. ಮೀನೂ ಸರಿಯಲಿಲ್ಲ. ಎಲೆಯನ್ನೂ ತಿನ್ನಲಿಲ್ಲ.

ಮರುದಿನವೂ ಇಳಿಸಿದಳು. ಅದರ ಮರುದಿನವೂ. ಭುಜ ಹಿಡಿದುಕೊಂಡಿತು. ಕಟ್ಟೆಯ ಸಿಮೆಂಟು ಎದೆಗೆ ಒತ್ತಿ ಕೆಂಪಗೆ ಗೆರೆ ಎದ್ದವು. ಒಂದು ಬೆಳಗ್ಗೆ, ಅವಳು ಎಲೆ ಹಿಡಿದು ಬೇರೇನೋ ಯೋಚಿಸುತ್ತಿದ್ದಾಗ, ಬೆರಳ ತುದಿಯಲ್ಲಿ ಎಳೆದಂತಾಯಿತು. ಕೈ ಎತ್ತಿ ನೋಡಿದರೆ ಅರ್ಧ ಎಲೆ ಇರಲಿಲ್ಲ. ಅವಳು ಉಳಿದ ಅರ್ಧ ಹಿಡಿದುಕೊಂಡು ಅಲ್ಲೇ ಮಲಗಿದ್ದಳು. ಗಂಡ ಸತ್ತ ದಿನ ಬಾರದ ಅಳು ಆಗ ಬಂತು. ಮೋನಿಷಾ ಹಲ್ಲುಜ್ಜುತ್ತಾ ಬಂದು ನೋಡಿ ಹಿಂದಕ್ಕೆ ಹೋದಳು.

ತಿಂಗಳ ಎಡೆಗೆ ಚಿಕ್ಕತಾಯಮ್ಮ ಬಂದಳು. ಹನುಮಕ್ಕ ಅವಳಿಗೆ ಬನ್ನಿ ಎಂದಳು, ನೀರು ಕೊಟ್ಟಳು, ಅಷ್ಟೇ. ಎಡೆ ಇಟ್ಟು, ಕಾಗೆಗೆ ಹಾಕಿ, ಊಟವಾದ ಮೇಲೆ ಚಿಕ್ಕತಾಯಮ್ಮ ಹಿತ್ತಲ ಬಾಗಿಲಿನಲ್ಲಿ ನಿಂತಳು. ಹೊಸಿಲು ದಾಟಿ ಬರಲಿಲ್ಲ.

“ಇನ್ನೊಂದು ಇದೆಯಂತಲ್ಲ.”

“ಇದೆ.”

“ನಂಗೇನು ಗೊತ್ತಿತ್ತು ಹನುಮಿ. ಯಾರೂ ಹೇಳ್ಲಿಲ್ಲ ನಂಗೆ.”

“ನಂಗ್ ಗೊತ್ತಿತ್ತು. ಹೇಳಕ್ಕಾಗ್ಲಿಲ್ಲ.”

ಚಿಕ್ಕತಾಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅವ್ನು ಚಿಕ್ಕೋನಿದ್ದಾಗ ಇದೇ ಹಿತ್ತಲಲ್ಲಿ ಕೂರ್ಸಿ ಸ್ನಾನ ಮಾಡಿಸ್ತಿದ್ದೆ. ತಣ್ಣೀರು ಹುಯ್ದ್ರೆ ಕಿರುಚ್ತಿದ್ದ. ಅದಕ್ಕೇ ಮೊದ್ಲು ನನ್ನ ಕೈ ಮೇಲೆ ಹುಯ್ಕೊಂಡು ನೋಡ್ತಿದ್ದೆ, ಆಮೇಲೆ ಅವನಿಗೆ.” ಚೌಕಟ್ಟಿನಿಂದ ಕೈ ತೆಗೆದು, “ಈ ಸಲ ನೋಡ್ಲಿಲ್ಲ” ಎಂದಳು.

ಹನುಮಕ್ಕನಿಗೆ ಹೋಗಲಿ ಬಿಡಿ ಎನ್ನಲು ಮನಸ್ಸಾಗಲಿಲ್ಲ. ಬೈಯಲೂ ಆಗಲಿಲ್ಲ. “ಎಲೆ ಅಡಿಕೆ ಹಾಕ್ಕೊಳ್ಳಿ ಅತ್ತಿಗೆ” ಎಂದು ತಟ್ಟೆ ತಂದಿಟ್ಟಳು. ಇಬ್ಬರೂ ಬಾಗಿಲ ಒಳಗೆ, ಕೊಳಕ್ಕೆ ಬೆನ್ನು ಮಾಡಿ ಕೂತು ಅಡಿಕೆ ಅಗಿದರು. ಹೊರಗೆ ಒಂದು ಸಲ ಗುಳಕ್ ಎಂದಿತು. ಚಿಕ್ಕತಾಯಮ್ಮ ತಿರುಗಿ ನೋಡಿದಳು. “ಗಾಳಿ ಕುಡಿಯಕ್ಕೆ ಬರೋದು” ಎಂದಳು ಹನುಮಕ್ಕ.

ಕೊಳದ ಗೋಡೆಗೆ ಮತ್ತೆ ಪಾಚಿ ಕಟ್ಟುತ್ತಾ ಬಂದಿದೆ. ನೀರು ಹಸಿರಾಗಿದೆ, ತಳದ ಬಿರುಕು ಈಗ ಕಾಣುವುದಿಲ್ಲ. ಹಿತ್ತಲಿನಲ್ಲಿ ಅಷ್ಟು ದೊಡ್ಡ ಗುಂಡಿ, ಅದರಲ್ಲಿ ಒಂದೇ ಒಂದು ಮೀನು, ಮುಚ್ಚಿ ಬಚ್ಚಲುಮನೆಯಾದರೂ ಮಾಡಿಸಬಾರದೇ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಮಾಡ್ಸಾಣ ಎನ್ನುತ್ತಾಳೆ ಹನುಮಕ್ಕ.

ಮೀನು ಮೂಲೆ ಬಿಟ್ಟಿಲ್ಲ. ದಿನವೂ ತಿನ್ನುವುದಿಲ್ಲ. ತಿಂದ ದಿನವೂ ಒಂದೆರಡು ಎಲೆಗಿಂತ ಹೆಚ್ಚಿಲ್ಲ. ಇನ್ನೆಷ್ಟು ದಿನ ಎಂದು ಮೋನಿಷಾ ಕೇಳುವುದಿಲ್ಲ, ಹನುಮಕ್ಕ ಹೇಳುವುದಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆದು, ಒಲೆ ಹಚ್ಚುವ ಮೊದಲು ಅವಳು ಹಿತ್ತಲಿಗೆ ಹೋಗುತ್ತಾಳೆ. ಜಾಲರಿ ಸರಿಸಿ, ಹಿಂದಿನ ದಿನದ ಎಲೆಗಳನ್ನು ಜರಡಿ ಸೌಟಿನಲ್ಲಿ ಒಂದೊಂದಾಗಿ ಎತ್ತುತ್ತಾಳೆ. ಅಂಚು ಕಚ್ಚಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಬುಟ್ಟಿಗೆ ಹಾಕುತ್ತಾಳೆ. ಆಮೇಲೆ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಬೋರಲು ಮಲಗಿ, ಹೊಸ ಎಲೆಯೊಂದನ್ನು ಗೋಡೆಗೂ ಮೀನಿಗೂ ನಡುವೆ ಇಳಿಸಿ ಹಿಡಿದಿರುತ್ತಾಳೆ, ಕೈ ಸೋಲುವವರೆಗೆ.